ಉಪ್ಪಿನ ಕಾಫಿ

ಬಣಕಲ್
12 ಜನವರಿ 2025

ಮಗಳು ಹುಸ್ನಾಳಿಗೆ ಅಬ್ಬಾನ ಸಲಾಂ ಮತ್ತು ದುವಾ.

ನೀನು ಕಳಿಸಿದ ಹಣ ಬ್ಯಾಂಕಿಗೆ ಬಂದಿದೆ. ಸೊಹೈಲ್ ಫೋನಿನಲ್ಲಿ ತೋರಿಸಿದ. ನಾನು ನಂಬದೆ ಬ್ಯಾಂಕಿಗೇ ಹೋಗಿ ಪಾಸ್‌ಬುಕ್ಕಿನಲ್ಲಿ ಹೊಡೆಸಿಕೊಂಡು ಬಂದೆ. ನಿನ್ನ ಅಮ್ಮಿ ಆಗಲೇ ಎದುರು ಮನೆಗೂ ಪಕ್ಕದ ಮನೆಗೂ ಸಿಹಿ ಹಂಚಿಯಾಗಿದೆ. ನಾನು ಮಾತ್ರ ಆ ಸಿಹಿ ಮುಟ್ಟಲಿಲ್ಲ.

ಯಾಕೆಂದು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನೀನು ಮೈಸೂರಿನಲ್ಲಿ ಮಾನವಶಾಸ್ತ್ರ ಎಂ.ಎ. ಮಾಡಿ ಬಂದಾಗ ಇಲ್ಲಿ ಅದೇನೆಂದು ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರ್ ಓದಾ ಎಂದು ಕೇಳಿದವರೂ ಇದ್ದಾರೆ. ನಿನ್ನ ಖಲೀಲ್ ಚಾಚಾ ಏನೆಂದ ನೆನಪಿದೆಯಲ್ಲ? 'ಮನುಷ್ಯರನ್ನ ಓದಕ್ಕೆ ಮೈಸೂರಿಗೆ ಯಾಕೆ ಹೋಗ್ಬೇಕು ಮಾರಾಯ, ಮೂಡಿಗೆರೆ ಸಂತೆಗೆ ಹೋದ್ರೆ ಸಾಕಲ್ವಾ?' ಎರಡು ವರ್ಷ ನಿನಗೆ ಯಾರೂ ಕೆಲಸ ಕೊಡಲಿಲ್ಲ. ಹಳೇ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಕೂಡ ಕಂಪ್ಯೂಟರ್ ಡಿಪ್ಲೊಮಾ ಆಗಿದೆಯಾ ಎಂದು ಕೇಳಿದರು. ಈಗ ಇದ್ದಕ್ಕಿದ್ದಂತೆ ಬೆಂಗಳೂರಿನ ಯಾರೋ ಬಂದು, ನನ್ನ ಅಂಗಡಿ ಇಡೀ ತಿಂಗಳು ದುಡಿದರೂ ಕಾಣದ ಸಂಬಳವನ್ನು ನಿನ್ನ ಕೈಗೆ ಇಡುತ್ತಾರೆ. ಯಾತಕ್ಕೆ? ತೋಟದ ಕೂಲಿ ಲೈನಿನ ಸಾಲುಮನೆಗಳಲ್ಲಿ ಕೂತು ಹೆಂಗಸರ ಜೊತೆ ಮಾತಾಡುವುದಕ್ಕೆ. ನಾನು ಚಿಕ್ಕಂದಿನಿಂದ ಚಿಲ್ಲರೆಯಾಗಿ ಕಾಫಿ ಬೀಜ ಕೊಳ್ಳುವ ವ್ಯಾಪಾರಿ. ಯಾರಾದರೂ ಮಾರ್ಕೆಟ್ಟಿಗಿಂತ ಹೆಚ್ಚಿನ ರೇಟು ಕೊಟ್ಟರೆ ನಾನು ಮೊದಲು ನೋಡುವುದು ಅವರ ಮುಖ.

ಅದಕ್ಕಿಂತ ಹೆಚ್ಚಾಗಿ, ನೀನು ಕೊಟ್ಟಿರುವ ವಿಳಾಸ ಬರೀ ಕಳಸದ ಪೋಸ್ಟ್ ಆಫೀಸು. ಎಸ್ಟೇಟಿನ ಹೆಸರಿಲ್ಲ. ಹೆಸರಿಲ್ಲದ ಎಸ್ಟೇಟು ಎಲ್ಲಾದರೂ ಉಂಟೇ? ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀಯಾ? ಜಾಗ ಕೊಳ್ಳುವವರಾ, ರೆಸಾರ್ಟ್ ಕಟ್ಟುವವರಾ?

ಫೋನ್ ಮಾಡುತ್ತೇನೆ ಎನ್ನಬೇಡ. ನಿನ್ನಲ್ಲಿ ಟವರ್ ಇಲ್ಲ, ನನ್ನಲ್ಲಿ ಕಿವಿ ಇಲ್ಲ. ಬೀಜದ ಸಿಪ್ಪೆ ತೆಗೆಯುವ ಹಲ್ಲರ್ ಮಿಷನ್ನಿನ ಪಕ್ಕ ನಿಂತೂ ನಿಂತೂ ಎರಡೂ ಹೋದವು. ವಾಟ್ಸಾಪಿನಲ್ಲಿ ಬರೆದರೆ ಅದನ್ನು ಓದಿ ಹೇಳುವವನು ನಿನ್ನ ತಮ್ಮ. ಸೊಹೈಲ್ ಓದಿದರೆ ಬಣಕಲ್ಲಿಗೆಲ್ಲ ಓದಿದಂತೆ. ಉರ್ದು ಬರೆಯಲು ನಿನಗೂ ಬಾರದು, ನನಗೂ ಬಾರದು. ಸರ್ಕಾರಿ ಶಾಲೆಯ ಕನ್ನಡದಲ್ಲೇ ಬರೆ, ಬಿಡಿಸಿ ಬರೆ.

ನಿನ್ನ ಅಬ್ಬಾ
ನಸರುಲ್ಲಾ


ಹೊಸಗದ್ದೆ ಎಸ್ಟೇಟ್, ಕಳಸ
26 ಜನವರಿ 2025

ಅಬ್ಬಾ, ಅಸ್ಸಲಾಮು ಅಲೈಕುಮ್.

ನಿಮ್ಮ ಪತ್ರ ಓದಿ ಒಂದು ಸಲ ನಕ್ಕೆ, ಒಂದು ಸಲ ಅತ್ತೆ. ಮಗಳಿಗೆ ಒಳ್ಳೆಯ ಸಂಬಳ ಬಂದರೆ ಪೊಲೀಸರ ಹಾಗೆ ವಿಚಾರಣೆ ಮಾಡುವ ತಂದೆ ನೀವೊಬ್ಬರೇ ಇರಬೇಕು.

ಎಸ್ಟೇಟಿನ ಹೆಸರು ಹೊಸಗದ್ದೆ. ಹೊರಗೆ ಹೇಳಬೇಡಿ ಎಂದಿದ್ದರು, ಆದ್ದರಿಂದ ಬರೆದಿರಲಿಲ್ಲ. ನಿಮ್ಮ ಅನುಮಾನ ಕಂಡು ಹೇಳಿಬಿಟ್ಟಿದ್ದೇನೆ. ಇಲ್ಲಿನ ದೊಡ್ಡ ಗೌಡರು ತೀರಿಕೊಂಡ ಮೇಲೆ ಮಕ್ಕಳು ತೋಟವನ್ನು ಒಂದು ಕಂಪನಿಗೆ ಲೀಸಿಗೆ ಕೊಟ್ಟಿದ್ದಾರೆ. ಕಂಪನಿಯವರಿಗೆ ಆಳುಗಳು ನಿಲ್ಲುವುದಿಲ್ಲ. ಕೊಯ್ಲಿನ ನಡುವೆಯೇ ಗಂಟು ಕಟ್ಟಿಕೊಂಡು ಬೇರೆ ತೋಟಕ್ಕೆ ಹೋಗುತ್ತಾರೆ. ಯಾಕೆ ಹೋಗುತ್ತಾರೆ ಎಂದು ಮ್ಯಾನೇಜರು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಹೇಳಿದ್ದಾರೆ, ಅವರು ನನ್ನನ್ನು ಕಳಿಸಿದ್ದಾರೆ. ಅಲ್ಲಿ ಪ್ರಶಾಂತ್ ಎಂಬವರು ನನ್ನ ಮೇಲಿನವರು. ಜಾಗವೂ ಇಲ್ಲ, ರೆಸಾರ್ಟೂ ಇಲ್ಲ.

ನಾನು ಲೈನಿನ ಕೊನೆಯ ಮನೆಯಲ್ಲಿದ್ದೇನೆ. ಪಕ್ಕದಲ್ಲಿ ತಿಮ್ಮಮ್ಮ ಎಂಬ ಹಿರಿಯಾಕೆ. ಗಂಡ ಇಲ್ಲ, ಮಕ್ಕಳಿಲ್ಲ, ಆರೇಳು ಬಾತುಕೋಳಿಗಳಿವೆ. ಬೆಳಗ್ಗೆ ನಾನು ಏಳುವ ಮೊದಲೇ ಅವು ನನ್ನ ಬಾಗಿಲ ಮುಂದೆ ಗಲಾಟೆ ಮಾಡುತ್ತವೆ. ಮೊದಲ ವಾರ ತಿಮ್ಮಮ್ಮ ನನ್ನನ್ನು ಸೆನ್ಸಸ್ಸಿನವಳು ಎಂದುಕೊಂಡಿದ್ದರು. ಈಗ ಹಣ್ಣು ಬಿಡಿಸುವಾಗ ಪಕ್ಕದ ಗಿಡಕ್ಕೆ ನನ್ನನ್ನು ನಿಲ್ಲಿಸಿಕೊಳ್ಳುತ್ತಾರೆ, 'ನಿಂಗೆ ಬರಲ್ಲ ಬಿಡು, ಮಾತಾಡ್ಕಂಡ್ ನಿಂತ್ಕೋ' ಎನ್ನುತ್ತಾರೆ.

ಖಲೀಲ್ ಚಾಚಾಗೆ ಇದನ್ನು ಓದಿ ಹೇಳಿ. ನಮ್ಮ ಬ್ಯಾಚಿಗೇ ಮೊದಲು ಬಂದ ಸುಪ್ರಿಯಾ ಹಾಸನದಲ್ಲಿ ಇನ್ಶೂರೆನ್ಸ್ ಮಾಡಿಸುತ್ತಾ ತಿರುಗುತ್ತಿದ್ದಾಳೆ. ಮಿಕ್ಕವರಲ್ಲಿ ಅರ್ಧ ಜನ ಬಿ.ಎಡ್. ಸೇರಿದ್ದಾರೆ, ಅರ್ಧ ಜನ ಸರ್ಕಾರಿ ಪರೀಕ್ಷೆಗೆ ಓದುತ್ತಲೇ ಇದ್ದಾರೆ. ಓದಿದ್ದನ್ನೇ ಮಾಡಿ ಸಂಬಳ ತೆಗೆದುಕೊಳ್ಳುತ್ತಿರುವವಳು ನಾನೊಬ್ಬಳೇ. ಜನ ನಂಬಿ ಮಾತಾಡುವಂತೆ ಇರುವುದು, ಅವರು ಹೇಳಿದ್ದನ್ನು ಹಾಗೆಯೇ ಕೇಳಿಸಿಕೊಳ್ಳುವುದು, ಇದನ್ನೇ ನಾನು ಕಲಿತದ್ದು. ಅದಕ್ಕೂ ಬೆಲೆ ಇದೆ ಎಂದು ಈಗ ಗೊತ್ತಾಗಿದೆ. ನೀವೂ ಸ್ವಲ್ಪ ಖುಷಿಪಡಿ ಅಬ್ಬಾ.

ನಿಮ್ಮ
ಹುಸ್ನಾ


ಬಣಕಲ್
9 ಫೆಬ್ರವರಿ 2025

ಹುಸ್ನಾಳಿಗೆ ದುವಾ.

ಪತ್ರ ತಲುಪಿತು. ಹೊಸಗದ್ದೆ ಎಂದು ಓದಿದೆ. ಕೇಳಿದ ಹೆಸರೇ. ಒಳ್ಳೆಯ ತೋಟ, ಗೌಡರು ಇದ್ದಾಗ ಹೆಸರುವಾಸಿ.

ಒಂದೆರಡು ಮಾತು ಕೇಳುತ್ತೇನೆ. ಅಲ್ಲಿ ಕೊಯ್ಲು ಯಾವಾಗ ಮುಗಿಯುತ್ತದೆ? ಹೊಸ ಕಂಪನಿಯವರು ಗೇಟಿಗೆ ವಾಚ್‌ಮನ್ ಇಟ್ಟಿದ್ದಾರಾ? ಕೆಳಗಿನ ಹಳ್ಳದ ಕಡೆಯ ರಸ್ತೆ ಈಗಲೂ ತೆರೆದಿದೆಯಾ? ಸುಮ್ಮನೆ ಕೇಳಿದೆ, ಹೆಣ್ಣುಮಗಳು ಒಬ್ಬಳೇ ಇರುವ ಜಾಗ ಎಂದು.

ಇನ್ನೊಂದು. ಕಂಪನಿ ನಿನ್ನಿಂದ ಏನು ಕೇಳುತ್ತದೆ ಎಂದು ಸರಿಯಾಗಿ ತಿಳಿದುಕೊ. ಮ್ಯಾನೇಜರಿಗೆ ಹೇಳದ್ದನ್ನು ಲೈನಿನವರು ನಿನಗೆ ಹೇಳುತ್ತಾರೆ ಎಂದು ನೀನೇ ಬರೆದಿದ್ದೀಯ. ಹಾಗಾದರೆ ಅವರು ಸಂಬಳ ಕೊಡುತ್ತಿರುವುದು ನಿನ್ನ ಓದಿಗೋ, ಆ ಹೆಂಗಸರ ಬಾಯಿಗೋ? ನೀನು ಅವರ ಮದುವೆ ಕೇಳು, ಅಡುಗೆ ಕೇಳು, ಜ್ವರಕ್ಕೆ ಯಾವ ಕಷಾಯ ಎಂದು ಕೇಳು. ಭಾನುವಾರ ಅವರು ಎಲ್ಲಿ ಹೋಗುತ್ತಾರೆ, ಏನು ಮಾಡುತ್ತಾರೆ ಎಂದು ಕೇಳಬೇಡ. ಅದು ಅವರ ರಜೆ. ರಜೆಯ ದಿನ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ.

ಅಮ್ಮಿ ನಿನಗಾಗಿ ಕೋಳಿ ಉಪ್ಪಿನಕಾಯಿ ಹಾಕಿದ್ದಾಳೆ. ಕಳಸದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ಡಬ್ಬಿ ವಾಪಸ್ ಕೊಡು.

ಅಬ್ಬಾ


ಹೊಸಗದ್ದೆ
23 ಫೆಬ್ರವರಿ 2025

ಅಬ್ಬಾ, ಸಲಾಂ.

ಉಪ್ಪಿನಕಾಯಿ ಬಂತು, ತಿಮ್ಮಮ್ಮನಿಗೂ ಕೊಟ್ಟೆ. ಅವರು ಬೆರಳು ನೆಕ್ಕಿಕೊಂಡು, 'ನಿಮ್ಮಮ್ಮನ ಕೈಗೆ ಬಂಗಾರದ್ ಬಳೆ ಹಾಕ್ಬೇಕು ಕಣವ್ವ' ಎಂದರು.

ಈ ಪತ್ರ ಅವಸರದಲ್ಲಿ ಬರೆಯುತ್ತಿದ್ದೇನೆ, ಸಂತೋಷ ತಡೆಯಲಾಗುತ್ತಿಲ್ಲ. ಇಂಥದ್ದೊಂದು ಸಿಗಲಿ ಎಂದು ಓದುವಾಗ ನಾವೆಲ್ಲ ಕನಸು ಕಾಣುತ್ತಿದ್ದೆವು. ಇಲ್ಲಿ ಒಂದು ಪದ್ಧತಿ ಇದೆ, ಅದಕ್ಕೆ ಇವರು 'ಉಪ್ಪಿನ ಕಾಫಿ' ಎನ್ನುತ್ತಾರೆ. ತೋಟದ ಒಂದು ಪಟ್ಟಿಯ ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಹಣ್ಣು, ಬಾವಲಿ ಚೀಪಿ ಉಗಿದ ಬೀಜ, ಕಬ್ಬೆಕ್ಕು ತಿಂದು ಹಿಕ್ಕೆಯಲ್ಲಿ ಹಾಕಿದ್ದು, ಇದೆಲ್ಲ ಲೈನಿನ ಹೆಂಗಸರದ್ದು. ಭಾನುವಾರ ಹೆಕ್ಕುತ್ತಾರೆ. ಸುಮ್ಮನೆ ನುಗ್ಗುವುದಿಲ್ಲ! ನೆರಳಿಗೆ ನೆಟ್ಟ ಒಂದು ಸಿಲ್ವರ್ ಮರದಿಂದ ಇನ್ನೊಂದು ಸಿಲ್ವರ್ ಮರಕ್ಕೆ ಒಬ್ಬೊಬ್ಬರದೇ ಜಾಗ ಇದೆ. ಅತ್ತೆಯಿಂದ ಸೊಸೆಗೆ ಹೋಗುತ್ತದೆ. ಗಂಡ ಸತ್ತವರು ಮೊದಲು ಇಳಿಯಬೇಕು, ಮಿಕ್ಕವರು ಆಮೇಲೆ. ಗಂಡಸರು ಮುಟ್ಟುವ ಹಾಗಿಲ್ಲ. ತಿಮ್ಮಮ್ಮನ ಜಾಗ ಕೆರೆಯ ಪಕ್ಕದ್ದು, ಎಲ್ಲಕ್ಕಿಂತ ಒಳ್ಳೆಯದು.

ಕೇಳಿದ್ದಕ್ಕೆ ತಿಮ್ಮಮ್ಮ ಹೇಳಿದ ಮಾತು ಹಾಗೇ ಬರೆಯುತ್ತೇನೆ: 'ನಮ್ದೇನು ಕದ್ದ ಮಾಲಲ್ಲ ಕಣವ್ವ. ದೊಡ್ ಗೌಡ್ರು ಇದ್ದಾಗ್ಲೇ ಹೇಳಿದ್ರು, ನೆಲಕ್ ಬಿದ್ದಿದ್ ನಿಮ್ದು, ಉಪ್ಪಿಗಾಯ್ತದೆ ತಗಳ್ರಿ ಅಂತ. ನಮ್ಮತ್ತೆ ಹೆಕ್ಕಿದ್ಳು, ನಾನು ಹೆಕ್ತೀನಿ. ಈ ಕಂಪ್ನಿಯೋರಿಗೆ ಹೇಳಿಲ್ಲ, ಅವ್ರು ಕೇಳಿಲ್ಲ.'

ಆಳುಗಳು ಯಾಕೆ ಬಿಟ್ಟುಹೋಗುತ್ತಾರೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಈ ಜಾಗ ಇರುವ ಹೆಂಗಸರು ಒಬ್ಬರೂ ಬಿಟ್ಟುಹೋಗಿಲ್ಲ! ಹೋದವರೆಲ್ಲ ಜಾಗ ಸಿಗದ ಹೊಸಬರು. ಕಂಪನಿಯವರು ಇದನ್ನು ತಿಳಿದರೆ ಪದ್ಧತಿಯನ್ನು ಬರಹದಲ್ಲೇ ಒಪ್ಪಿಕೊಂಡು ಎಲ್ಲರಿಗೂ ವಿಸ್ತರಿಸಬಹುದು. ವರದಿಯಲ್ಲಿ ಇದೇ ಮುಖ್ಯ ಅಧ್ಯಾಯ. ಪ್ರಶಾಂತ್ ಸರ್‌ಗೆ ಕಳಸಕ್ಕೆ ಹೋಗಿ ಫೋನ್ ಮಾಡಿ ಹೇಳಿದೆ, ಅವರು ಕುಣಿದಾಡಿದರು. ಇದು ಚೆನ್ನಾಗಿ ಬಂದರೆ ಕೆಲಸ ಕಾಯಂ ಆಗುತ್ತದಂತೆ. ನಮ್ಮ ಬ್ಯಾಚಿನಲ್ಲಿ ಕಾಯಂ ಆದವರು ಯಾರೂ ಇಲ್ಲ.

ಆ ಕಾಫಿಯನ್ನು ಯಾರು ಕೊಳ್ಳುತ್ತಾರೆ ಎಂದರೆ ಮಾತ್ರ ಎಲ್ಲರೂ ಮಾತು ಬದಲಿಸುತ್ತಾರೆ. ಅದೊಂದು ಗೊತ್ತಾಗಬೇಕು.

ಅಂದ ಹಾಗೆ ಅಬ್ಬಾ, ಭಾನುವಾರದ ವಿಷಯ ಕೇಳಬೇಡ ಎಂದು ನೀವು ಬರೆದದ್ದು ಯಾಕೆ? ನಿಮಗೆ ಹೇಗೆ ಗೊತ್ತಿತ್ತು?

ಹುಸ್ನಾ


ಬಣಕಲ್
3 ಮಾರ್ಚ್ 2025

ಹುಸ್ನಾ,

ನಿನ್ನ ಅಮ್ಮಿಗೆ ಮೈ ಸರಿಯಿಲ್ಲ. ನಿನ್ನೆ ರಂಜಾನಿನ ರೋಜಾ ಶುರುವಾದಾಗಿನಿಂದ ಹಾಸಿಗೆ ಹಿಡಿದಿದ್ದಾಳೆ. ವರದಿ ಗಿರದಿ ಎಲ್ಲ ಹಾಗೇ ಬಿಟ್ಟು ಕೂಡಲೇ ಹೊರಟು ಬಾ. ಏನನ್ನೂ ಬರೆದು ಯಾರಿಗೂ ಕಳಿಸಬೇಡ. ಬಂದ ಮೇಲೆ ಮಾತಾಡೋಣ.

ಅಬ್ಬಾ


ಹೊಸಗದ್ದೆ
9 ಮಾರ್ಚ್ 2025

ಅಬ್ಬಾ,

ನಿಮ್ಮ ಪತ್ರ ಸಿಕ್ಕ ಕೂಡಲೇ ಜೀಪು ಹತ್ತಿ ಕಳಸಕ್ಕೆ ಓಡಿದೆ. ದಾರಿಯುದ್ದಕ್ಕೂ ಅಳುತ್ತಿದ್ದೆ. ಟವರ್ ಸಿಕ್ಕಿದ ಕಡೆ ನಿಂತು ಮನೆಗೆ ಫೋನ್ ಮಾಡಿದರೆ ಎತ್ತಿದ್ದು ಅಮ್ಮಿ. ಇಫ್ತಾರ್‌ಗೆ ಸಮೋಸ ಮಡಚುತ್ತಾ ಕೂತಿದ್ದರು. 'ನಂಗೇನಾಗಿದೆ, ಗುಂಡುಕಲ್ಲಂಗಿದೀನಿ' ಎಂದರು. ರೋಜಾ ಹಿಡಿದವರು ಇಂಥ ಸುಳ್ಳು ಬರೆಯಬಹುದೇ ಅಬ್ಬಾ? ಅದೂ ಅಮ್ಮಿಯ ಮೇಲೆ?

ಯಾಕೆ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ನಾನು ಸೋತು ಮನೆಗೆ ಬರಲಿ, ಖಲೀಲ್ ಚಾಚಾನ ಮಾತೇ ಸರಿಯಾಗಲಿ ಎಂದೇ ನಿಮ್ಮ ಆಸೆ ಎಂದುಕೊಂಡೆ. ನಿನ್ನೆ ಗೊತ್ತಾಯಿತು. ನಿನ್ನೆ ತಿಮ್ಮಮ್ಮ ತಾವಾಗಿಯೇ ಹೇಳಿದರು. 'ಬಣಕಲ್ ಕಡೆ ಒಬ್ರು ಕಿವುಡು ಸಾಬ್ರು ಅವ್ರೆ. ಭಾನ್ವಾರ ಸಂಜೆ ಅವ್ರ್ ಪಿಕಪ್ಪು ಹಳ್ಳದ್ ತಾವ ಬರ್ತದೆ. ತೂಕ್ದಲ್ಲಿ ಮೋಸ ಇಲ್ಲ ಕಣವ್ವ, ದೊಡ್ ಮನ್ಸ.' ನಾನು ನಿಮ್ಮ ಮಗಳೆಂದು ಅವರಿಗೆ ಗೊತ್ತಿಲ್ಲ. ನನ್ನ ಮುಖ ನೋಡಿ, ಯಾಕವ್ವ ಹುಷಾರಿಲ್ವ ಎಂದು ಕೇಳಿದರು.

ಹಾಗಾದರೆ ಕೊಯ್ಲು ಯಾವಾಗ ಮುಗಿಯುತ್ತದೆ, ಗೇಟಿಗೆ ವಾಚ್‌ಮನ್ ಇದ್ದಾನಾ, ಹಳ್ಳದ ರಸ್ತೆ ತೆರೆದಿದೆಯಾ ಎಂದು ನೀವು ಕೇಳಿದ್ದು ನನ್ನ ಕ್ಷೇಮಕ್ಕಲ್ಲ. ನಿಮ್ಮ ಪಿಕಪ್ಪಿನ ಕ್ಷೇಮಕ್ಕೆ. ಮಗಳನ್ನೇ ಗೂಢಚಾರಿ ಮಾಡಿಕೊಂಡಿರಿ. ನನಗೆ ತುಂಬಾ ನೋವಾಗಿದೆ, ಇದನ್ನು ಮುಚ್ಚಿಡುವುದಿಲ್ಲ.

ವರದಿಯನ್ನು ನಾನು ಐದನೇ ತಾರೀಕೇ ಕಳಿಸಿದ್ದೇನೆ. ಹೆದರಬೇಡಿ, ಅದರಲ್ಲಿ ಬಣಕಲ್ ಇಲ್ಲ, ಸಾಬರೂ ಇಲ್ಲ. ಆಗ ನನಗೇ ಗೊತ್ತಿರಲಿಲ್ಲ. ಹೆಂಗಸರಿಗೂ ತೊಂದರೆಯಾಗುವುದಿಲ್ಲ. ಎಲ್ಲರ ಹೆಸರನ್ನೂ ಬದಲಿಸಿದ್ದೇನೆ, ನಮ್ಮ ಶಾಸ್ತ್ರದಲ್ಲಿ ಅದು ನಿಯಮ. ನಂಬದಿದ್ದರೆ ಒಂದು ಹಾಳೆಯ ನಕಲು ಇದರ ಜೊತೆ ಇಟ್ಟಿದ್ದೇನೆ, ಓದಿಕೊಳ್ಳಿ.

ಹುಸ್ನಾ


ಬಣಕಲ್
14 ಮಾರ್ಚ್ 2025

ಹುಸ್ನಾಳಿಗೆ,

ನಿನ್ನ ಹಾಳೆ ಓದಿದೆ. ಎರಡು ಸಲ ಓದಿದೆ. 'ಗಂಗಮ್ಮ, ಹೆಸರು ಬದಲಿಸಲಾಗಿದೆ, ಅರವತ್ತು ದಾಟಿದ ವಿಧವೆ, ಬಾತುಕೋಳಿ ಸಾಕಿದ್ದಾರೆ, ಕೆರೆಯ ಪಕ್ಕದ ಪಟ್ಟಿ ಇವರದು.' ಅಲ್ಲ ಮಾರಾಯ್ತಿ, ಆ ಲೈನಿನಲ್ಲಿ ಬಾತುಕೋಳಿ ಸಾಕಿದವರು ಎಷ್ಟು ಜನ ಇದ್ದಾರೆ? ಹೆಸರು ತೆಗೆದೆ, ಬಾತುಗಳನ್ನು ಬಿಟ್ಟೆ. ನಿನ್ನ ಮೈಸೂರಿನ ಮೇಷ್ಟರು ಓದಿದರೆ ಅವಳು ಗಂಗಮ್ಮ. ತೋಟದ ರೈಟರು ಓದಿದರೆ ಮೊದಲನೇ ಸಾಲಿಗೇ ತಿಮ್ಮಮ್ಮ. ಅವನು ದಿನಾ ಬೆಳಗ್ಗೆ ಹಾಜರಿ ಕೂಗುವುದೇ ಆ ಬಾತುಗಳ ಗಲಾಟೆಯ ನಡುವೆ ಅಲ್ಲವೇ? ಹೊರಗಿನವರಿಂದ ಮುಚ್ಚುವುದನ್ನು ನಿಮಗೆ ಕಲಿಸಿದ್ದಾರೆ. ಒಳಗಿನವರು ಓದುತ್ತಾರೆ ಎಂದು ಯಾರೂ ಹೇಳಿಕೊಡಲಿಲ್ಲವೇ?

ಅಮ್ಮಿಯ ಮೇಲೆ ಸುಳ್ಳು ಬರೆದದ್ದು ತಪ್ಪು. ಅವಳಿಗೆ ಗೊತ್ತಾಗಿ ಎರಡು ದಿನ ನಸುಕಿನ ಸಹರಿ ಊಟಕ್ಕೆ ನನ್ನನ್ನು ಎಬ್ಬಿಸಲಿಲ್ಲ. ನೀರೂ ಕುಡಿಯದೆ ರೋಜಾ ಹಿಡಿದೆ.

ನಿನ್ನ ಮಾತಿಗೆ ಉತ್ತರ ಕೊಡುತ್ತೇನೆ. ಹೌದು, ಹೊಸಗದ್ದೆಯ ಉಪ್ಪಿನ ಕಾಫಿ ಕೊಳ್ಳುವವನು ನಾನೇ. ನನ್ನ ಅಪ್ಪನೂ ಕೊಳ್ಳುತ್ತಿದ್ದರು, ಗೌಡರಿಗೆ ಗೊತ್ತಿದ್ದೇ ಕೊಳ್ಳುತ್ತಿದ್ದರು. ನಿನ್ನ ಹಾಸ್ಟೆಲಿನ ಫೀಸು ಅದರಲ್ಲೂ ಬಂದಿದೆ. ನೀನು ಎಸ್ಟೇಟಿನ ಹೆಸರು ಬರೆದ ದಿನ ಆ ಪತ್ರವನ್ನು ಗಲ್ಲಾಪೆಟ್ಟಿಗೆಯ ತಳಕ್ಕೆ ಹಾಕಿದೆ. ಕೊಯ್ಲು ಮುಗಿಯುವುದು ಯಾವಾಗ ಎಂದು ಕೇಳಿದ್ದು ಪಿಕಪ್ ಕಳಿಸಲಿಕ್ಕಲ್ಲ, ನಿಲ್ಲಿಸಲಿಕ್ಕೆ. ನೀನು ಅಲ್ಲಿರುವಷ್ಟು ದಿನ ಸೊಹೈಲ್ ಹಳ್ಳದ ಹತ್ತಿರ ಕಾಣಿಸಿಕೊಳ್ಳಬಾರದು, ನೀನು ನೋಡಬಾರದು, ನೋಡಿ ಬರೆಯಬಾರದು ಎಂದು. ಸೊಹೈಲನಿಗೆ ಹೋಗಬೇಡ ಎಂದೆ. ಅವನು ನನ್ನ ಕಣ್ಣು ತಪ್ಪಿಸಿ ಹೋಗಿದ್ದಾನೆ. ತಿಮ್ಮಮ್ಮ ಹೇಳಿದ್ದು ಅವನ ಗಾಡಿಯ ವಿಷಯವೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ನೀನು ಬೈದರೂ ಸರಿ. ನಾನು ನಿನ್ನ ಮೇಲೂ ಅನುಮಾನಪಟ್ಟೆ. ಇಷ್ಟು ತೋಟಗಳಿರುವಾಗ ಇವರು ಸಾಬರ ಮಗಳನ್ನೇ ಹುಡುಕಿ ಆ ತೋಟಕ್ಕೇ ಯಾಕೆ ಹಾಕಿದರು? ನನ್ನ ಅಂಗಡಿಯ ದಾರಿಯನ್ನು ನನ್ನ ಮಗಳ ಕೈಯಲ್ಲೇ ಕೇಳಿಸುತ್ತಿದ್ದಾರೆಯೇ? ಅವಳಿಗೆ ಗೊತ್ತಿದ್ದೂ ಹೋಗಿದ್ದಾಳೆಯೇ? ಹೀಗೆಲ್ಲ ಯೋಚಿಸಿದೆ. ನಿನ್ನ ಪತ್ರದಲ್ಲಿ 'ಅದೊಂದು ಗೊತ್ತಾಗಬೇಕು' ಎಂಬ ಸಾಲು ಓದಿ ನಾನು ಅಂಗಡಿ ಬಾಗಿಲು ಅರ್ಧ ಹಾಕಿ ಕೂತೆ. ಅನುಮಾನ ನಮ್ಮ ವ್ಯಾಪಾರದಲ್ಲಿ ಅಭ್ಯಾಸ. ಮನೆಯವರ ಮೇಲೆ ಅದು ಬರಬಾರದಿತ್ತು, ಬಂತು.

ವರದಿ ವಾಪಸ್ ತೆಗೆದುಕೊಳ್ಳಲು ಆಗುತ್ತದೆಯೇ ನೋಡು. ಬೇಗ ನೋಡು.

ಅಬ್ಬಾ


ಹೊಸಗದ್ದೆ
25 ಮಾರ್ಚ್ 2025

ಅಬ್ಬಾ,

ನೀವು ಹೇಳಿದ ಹಾಗೇ ಆಯಿತು.

ನಿಮ್ಮ ಪತ್ರ ಸಿಕ್ಕ ದಿನವೇ ಪ್ರಶಾಂತ್ ಸರ್‌ಗೆ ಫೋನ್ ಮಾಡಿ ಆ ಅಧ್ಯಾಯ ತೆಗೆಯಿರಿ ಎಂದೆ. ಅದು ಆಗಲೇ ಕಂಪನಿಗೆ ಹೋಗಿದೆ, ಅವರಿಗೆ ತುಂಬಾ ಇಷ್ಟವಾಗಿದೆ ಎಂದರು. ಮೊನ್ನೆ ಭಾನುವಾರ ಹೆಂಗಸರು ತೋಟಕ್ಕೆ ಇಳಿದು ಸ್ವಲ್ಪ ಹೊತ್ತಿಗೆ ರೈಟರು ನಾಲ್ಕು ಜನ ವಾಚ್‌ಮನ್‌ಗಳನ್ನು ಕರೆದುಕೊಂಡು ಬಂದ. ನೇರ ಕೆರೆಯ ಪಕ್ಕದ ಪಟ್ಟಿಗೇ ಬಂದ. ತಿಮ್ಮಮ್ಮನ ಚೀಲ ಕಿತ್ತುಕೊಂಡು ನೆಲಕ್ಕೆ ಸುರಿಸಿ ಫೋಟೋ ತೆಗೆಸಿದ. ಆಮೇಲೆ ಎಲ್ಲರ ಮುಂದೆ, 'ಎಲ್ಲಿ, ಗಂಗಮ್ಮೋರು ಬನ್ನಿ ಈ ಕಡೆ' ಎಂದು ಕರೆದ. ಯಾರಿಗೂ ಅರ್ಥವಾಗಲಿಲ್ಲ. ನನಗೊಬ್ಬಳಿಗೆ ಅರ್ಥವಾಯಿತು.

ತಿಮ್ಮಮ್ಮ ಯುಗಾದಿ ಕಳೆದ ಮೇಲೆ ಮನೆ ಖಾಲಿ ಮಾಡಬೇಕಂತೆ. ಅವರಿಗೆ ಹೋಗಲು ಬೇರೆ ಜಾಗವೇ ಇಲ್ಲ. ಸಂಜೆ ನಾನು ಅವರ ಮನೆಗೆ ಹೋಗಿ, ನಾನೇ ಬರೆದದ್ದು ಎಂದು ಹೇಳಿದೆ. ಅವರು ಬೈಯಲಿಲ್ಲ. ಒಲೆಯ ಕಡೆ ತಿರುಗಿ, 'ನೀನ್ ಕೇಳ್ದೆ, ನಾನ್ ಹೇಳ್ದೆ' ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನನಗೆ ನನ್ನ ಮೇಲೇ ಅಸಹ್ಯವಾಗಿದೆ.

ಈಗ ಕೇಳಿ. ಕಂಪನಿಗೆ ಬೇಕಾಗಿರುವುದು ಹೆಂಗಸರಲ್ಲವಂತೆ, ಕೊಳ್ಳುವವರು. ಕೊಳ್ಳುವವರ ಹೆಸರು ಸಿಕ್ಕರೆ ಕಳವು ಮಾಲು ಕೊಂಡರೆಂದು ಅವರ ಮೇಲೆ ದೂರು ಕೊಡುತ್ತಾರಂತೆ, ಹೆಂಗಸರನ್ನು ಬಿಡುತ್ತಾರಂತೆ, ತಿಮ್ಮಮ್ಮನ ಮನೆಯೂ ಉಳಿಯುತ್ತದಂತೆ. ಪ್ರಶಾಂತ್ ಸರ್ ನನಗೆ ಹೇಳಿದ್ದು ಹೀಗೆ: 'ನಿಮ್ಮನ್ನ ಅವರು ನಂಬ್ತಾರೆ ಹುಸ್ನಾ, ನೀವು ಕೇಳಿದ್ರೆ ಹೇಳ್ತಾರೆ. ಈ ತಿಂಗಳ ಕೊನೆಯೊಳಗೆ ಹೆಸರು ಕೊಡಿ, ಕಾಯಂ ಆರ್ಡರ್ ನಾನು ಕಳಿಸ್ತೀನಿ.' ಕೊಡದಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು.

ನನ್ನ ಹತ್ತಿರ ಆ ಹೆಸರು ಇದೆ. ನನ್ನ ಆಧಾರ್ ಕಾರ್ಡಿನಲ್ಲೇ ಇದೆ! ಹೇಳಿದರೆ ತಿಮ್ಮಮ್ಮನಿಗೆ ಮನೆ, ನಿಮಗೆ ಠಾಣೆ. ಹೇಳದಿದ್ದರೆ ನಿಮಗೆ ಏನೂ ಇಲ್ಲ, ಅವರು ಬೀದಿಗೆ. ನಾನೇನು ಮಾಡಲಿ? ನೀವು ಏನು ಬರೆಯುತ್ತೀರಿ ಎಂದು ನನಗೆ ಗೊತ್ತು ಎನಿಸುತ್ತದೆ, ಆದರೂ ಕೇಳುತ್ತಿದ್ದೇನೆ. ಈದಿಗೆ ಬರುವುದಿಲ್ಲ.

ಹುಸ್ನಾ


ಹೊಸಗದ್ದೆ
2 ಏಪ್ರಿಲ್ 2025

ಅಬ್ಬಾ,

ಈದ್ ಮುಬಾರಕ್. ನಿಮ್ಮಿಂದ ಉತ್ತರ ಬರಲಿಲ್ಲ. ಸುಮ್ಮನಿದ್ದರೆ ಮಗಳೇ ತಂದೆಯನ್ನು ಕಾಪಾಡುತ್ತಾಳೆ ಎಂದು ಲೆಕ್ಕ ಹಾಕಿದಿರಿ ಎಂದುಕೊಂಡಿದ್ದೇನೆ. ತಪ್ಪಿದ್ದರೆ ಹೇಳಿ.

ಮೊನ್ನೆ, ಈದಿನ ದಿನ, ಪ್ರಶಾಂತ್ ಸರ್‌ಗೆ ಫೋನ್ ಮಾಡಿ ನನಗೆ ಗೊತ್ತಿಲ್ಲ ಎಂದು ಹೇಳಿದೆ. ಮತ್ತೆ ಕೇಳಿದರು, ಮತ್ತೆ ಗೊತ್ತಿಲ್ಲ ಎಂದೆ. ಕೆಲಸ ಹೋಯಿತು. ಹನ್ನೆರಡನೇ ತಾರೀಕಿನೊಳಗೆ ಲೈನಿನ ಮನೆಯ ಬೀಗದ ಕೈ ಕೊಡಬೇಕು. ಅಲ್ಲಿಯವರೆಗೆ ತಿಮ್ಮಮ್ಮನಿಗೆ ಬಾಡಿಗೆಗೆ ಒಂದು ಕೋಣೆ ಹುಡುಕುತ್ತೇನೆ. ಬಾತುಕೋಳಿ ಎಂದ ಕೂಡಲೇ ಎಲ್ಲರೂ ಬೇಡ ಎನ್ನುತ್ತಾರೆ.

ಆಮೇಲೆ ಎಲ್ಲಿಗೆ ಹೋಗುತ್ತೇನೋ ಗೊತ್ತಿಲ್ಲ. ಬಣಕಲ್ಲಿಗಂತೂ ಸದ್ಯಕ್ಕೆ ಅಲ್ಲ.

ಹುಸ್ನಾ


ಬಣಕಲ್
3 ಏಪ್ರಿಲ್ 2025

ನನ್ನ ಮಗಳು ಹುಸ್ನಾಳಿಗೆ ಅಬ್ಬಾನ ಸಲಾಂ, ದುವಾ, ಈದ್ ಮುಬಾರಕ್.

ನಿನ್ನ ಇಪ್ಪತ್ತೈದನೇ ತಾರೀಕಿನ ಪತ್ರ ನನಗೆ ಈದಿಗೆ ಎರಡು ದಿನ ಮೊದಲು ಸಿಕ್ಕಿತು. ಅದಾದ ಮೇಲೆ ನಿನ್ನಿಂದ ಏನೂ ಬಂದಿಲ್ಲ. ಉತ್ತರ ಬರೆದು ಪೋಸ್ಟಿಗೆ ಹಾಕಿದರೆ ತಲುಪುವಾಗ ತಿಂಗಳೇ ಮುಗಿದಿರುತ್ತದೆ ಎಂದು ಬರೆಯಲು ಕೂರಲಿಲ್ಲ. ಯುಗಾದಿ, ಈದಿನ ರಜೆಯಲ್ಲಿ ಆಫೀಸು ಮುಚ್ಚಿರುತ್ತದೆಂದು ಈದಿನ ಮಾರನೇ ದಿನ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಹೋಗಿ ಕಂಪನಿಯ ಆಫೀಸು ಹುಡುಕಿದೆ. ಈದಿನ ಹೊಸ ಶೇರ್ವಾನಿ ಹಾಕಿಕೊಂಡೇ ಹೋಗಿದ್ದೆ. ಅಂಗಡಿ ಬಟ್ಟೆಯಲ್ಲಿ ಹೋದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ ಎಂದು ನಿನ್ನ ಅಮ್ಮಿ ಹೇಳಿದಳು.

ಒಳಗೆ ಒಬ್ಬ ಸಣ್ಣ ವಯಸ್ಸಿನ ಮ್ಯಾನೇಜರು. 'ಹೊಸಗದ್ದೆ ಹೆಂಗಸ್ರ ಕಾಫಿ ತಗಳೋದು ನಾನೇ ಸ್ವಾಮಿ, ಬಣಕಲ್ ನಸರುಲ್ಲಾ. ಅವ್ರನ್ನ ಬಿಟ್ಬಿಡಿ, ಏನಿದ್ರೂ ನನ್ ಮೇಲೆ ಮಾಡಿ' ಎಂದೆ. ನನ್ನ ಕಿವಿಯ ವಿಷಯ ಹೇಳಿ, ಆತ ಹೇಳುವುದನ್ನು ಚೀಟಿಯಲ್ಲಿ ಬರೆದುಕೊಡಿ ಎಂದೆ. ಆತ ಕಂಪ್ಯೂಟರಿನಲ್ಲಿ ಏನೋ ತೆಗೆದು ನೋಡಿದ. ನಿನ್ನ ಕೆಲಸದ ಅರ್ಜಿಯಿರಬೇಕು. ನಕ್ಕು ಬರೆದುಕೊಟ್ಟ: 'ನಮಗೆ ಆಗಲೇ ಗೊತ್ತು. ನಿಮ್ಮ ಮಗಳೇ ಹೇಳಿದ್ದಾರೆ.'

ನಾನು ಆ ಚೀಟಿಯನ್ನು ಮಡಚಿ ಅವನ ಮೇಜಿನ ಮೇಲೇ ಇಟ್ಟು ಬಂದೆ. ಬಸ್ಸಿನಲ್ಲಿ ಕೂತಾಗ ಸ್ವಲ್ಪ ಕಷ್ಟವಾಯಿತು. ಆಲ್ದೂರು ದಾಟುವ ಹೊತ್ತಿಗೆ ಸರಿಹೋಯಿತು. ನೋಡು, ನಿನಗೆ ನಾನು ಇದನ್ನು ಬರೆಯುತ್ತಿರುವುದು ಜಗಳಕ್ಕಲ್ಲ. ನೀನು ಹೇಳಿದ್ದರೆ ಸರಿಯಾಗಿಯೇ ಹೇಳಿದ್ದೀಯ. ಆ ಹೆಂಗಸಿಗೆ ಸೂರು ಇಲ್ಲ, ನನಗೆ ಇದೆ. ನಾನು ಮನಸಾರೆ ಕ್ಷಮಿಸಿದ್ದೇನೆ. ಅಲ್ಲಾಹನ ಮೇಲಾಣೆ, ಈ ಮಾತನ್ನು ಇನ್ನೊಮ್ಮೆ ಎತ್ತುವುದಿಲ್ಲ.

ನಿನ್ನ ಓದಿಗೆ ಬೆಲೆ ಎಷ್ಟು ಎಂದು ಎಲ್ಲರನ್ನೂ ಕೇಳುತ್ತಿದ್ದವನು ನಾನು. ಅವರು ತಿಂಗಳು ತಿಂಗಳು ಸಂಬಳ ಕೊಟ್ಟು ತಿಳಿಯಬೇಕೆಂದಿದ್ದನ್ನು ನಾನು ಬಿಟ್ಟಿಯಾಗಿ ಹೇಳಿ ಬಂದೆ, ಖಲೀಲ್ ಇದಕ್ಕೆ ಬಹಳ ನಗುತ್ತಾನೆ. ಕೆಲಸ ಕಾಯಂ ಆಗಿದ್ದರೆ ಮಾಡು. ನಾಚಿಕೆಪಡಬೇಡ. ಠಾಣೆಯಿಂದ ಕರೆ ಬಂದಿದೆ, ಸೋಮವಾರ ಹೋಗಬೇಕು. ಪರಿಚಯದ ವಕೀಲರಿದ್ದಾರೆ.

ನಿನ್ನ ಅಬ್ಬಾ
ನಸರುಲ್ಲಾ


ಹೊಸಗದ್ದೆ
8 ಏಪ್ರಿಲ್ 2025

ಅಬ್ಬಾ,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನನ್ನ ಎರಡನೇ ತಾರೀಕಿನದು ಇಷ್ಟರಲ್ಲಿ ನಿಮ್ಮ ಕೈ ಸೇರಿರಬೇಕು. ನಿಮ್ಮ ಬಗ್ಗೆ ಅದರಲ್ಲಿ ಬರೆದ ಕೆಟ್ಟ ಸಾಲನ್ನು ಹೊಡೆದುಹಾಕಿ. ನೀವು ಬಸ್ಸಿನಲ್ಲಿ ಕೂತಿದ್ದ ಹೊತ್ತಿಗೆ ನಾನು ನಿಮ್ಮನ್ನು ಬೈದುಕೊಳ್ಳುತ್ತಾ ಕೂತಿದ್ದೆ. ನಿನ್ನೆ ಠಾಣೆಯಲ್ಲಿ ಏನಾಯಿತು, ಅದನ್ನು ಬಂದು ನಿಮ್ಮ ಬಾಯಿಂದಲೇ ಕೇಳುತ್ತೇನೆ.

ತಿಮ್ಮಮ್ಮನ ಮನೆ ಉಳಿದಿದೆ. ನಿನ್ನೆ ರೈಟರು ಬಂದು ಹೇಳಿ ಹೋದ. ಉಪ್ಪಿನ ಕಾಫಿ ಮಾತ್ರ ನಿಂತಿತು. ನೆಲಕ್ಕೆ ಬಿದ್ದದ್ದನ್ನು ಇನ್ನು ಕಂಪನಿಯೇ ಆಳು ಇಟ್ಟು ಹೆಕ್ಕಿಸುತ್ತದಂತೆ. ನಿಮ್ಮ ಹೆಸರನ್ನೂ, ನಾನು ನಿಮ್ಮ ಮಗಳೆಂಬುದನ್ನೂ ರೈಟರು ಹೇಳಿದಾಗ ತಿಮ್ಮಮ್ಮ ನನ್ನ ಕಡೆ ತಿರುಗಿದರು. 'ಸಾಬ್ರ ಮಗಳಾ ನೀನು' ಎಂದರು. ಇಂದು ಬೆಳಗ್ಗೆ ನನ್ನ ಬಾಗಿಲಲ್ಲಿ ಎರಡು ಬಾತುಮೊಟ್ಟೆ ಇಟ್ಟಿದ್ದರು.

ನಿನ್ನೆ ಕಳಸಕ್ಕೆ ಹೋಗಿದ್ದಾಗ ಪ್ರಶಾಂತ್ ಸರ್ ಫೋನ್ ಮಾಡಿದ್ದರು. ನೀವು ಬಾಗಿಲು ತೆಗೆದು ಒಳಗೆ ಹೋಗುವವರೆಗೆ ಕಂಪನಿಗೆ ಏನೂ ಗೊತ್ತಿರಲಿಲ್ಲವಂತೆ. ಕೊಳ್ಳುವವರೇ ನಡೆದುಕೊಂಡು ಬಂದು ಹೆಸರು ಹೇಳಿದ್ದನ್ನು ಎಲ್ಲೂ ಕಂಡಿಲ್ಲ ಎಂದು ನಕ್ಕರು. ಆ ಮ್ಯಾನೇಜರು ನಿಮ್ಮ ಹೆಸರನ್ನು ನಿಮ್ಮ ಬಾಯಿಂದಲೇ ಕೇಳಿ, ನನ್ನ ಅರ್ಜಿಯಲ್ಲಿ ತಂದೆಯ ಹೆಸರು ನೋಡಿ, ಆಮೇಲೆ ಆ ಚೀಟಿ ಬರೆದಿದ್ದಾನೆ. ಬಂದ ಹಣವನ್ನು ಪಾಸ್‌ಬುಕ್ಕಿನಲ್ಲಿ ಹೊಡೆಸಿ ನೋಡುವ ನೀವು, ಅಮ್ಮಿ ಕೊಟ್ಟ ಚಹಾಕ್ಕೆ ಸಕ್ಕರೆ ಹಾಕಿದ್ದಾಳಾ ಎಂದು ಎರಡು ಸಲ ಕೇಳುವ ನೀವು, ಅವನ ಒಂದು ಸಾಲನ್ನು ಹಾಗೇ ನಂಬಿದಿರಿ.

ನನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದಿದ್ದೀರಿ. ತಿಮ್ಮಮ್ಮನ ವಿಷಯದಲ್ಲಿ ನನಗೆ ಕ್ಷಮೆ ಬೇಕು, ಅದನ್ನು ಅವರ ಹತ್ತಿರ ಕೇಳಿಕೊಳ್ಳುತ್ತೇನೆ. ನಾನು ಹೇಳದ ಹೆಸರಿಗೆ ನನಗೆ ನಿಮ್ಮ ಕ್ಷಮೆ ಬೇಡ. ಈ ಮಾತನ್ನು ಇನ್ನೊಮ್ಮೆ ಎತ್ತುವುದಿಲ್ಲ ಎಂದು ಆಣೆ ಬೇರೆ ಹಾಕಿದ್ದೀರಿ. ಆ ಆಣೆ ಮುರಿಯಿರಿ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಸೊಹೈಲನನ್ನು ಕಳಿಸಬೇಡಿ, ನೀವೇ ಬಸ್ ಸ್ಟ್ಯಾಂಡಿಗೆ ಬನ್ನಿ. ಬ್ಯಾಗು ತೆಗೆದುಕೊಳ್ಳುವ ಮೊದಲು, ಸಲಾಂ ಹೇಳುವುದಕ್ಕೂ ಮೊದಲು, ನನ್ನ ಮುಖ ನೋಡಿ 'ನೀನು ಹೇಳಿದ್ಯಾ?' ಎಂದು ಕೇಳಿ. ನೀವು ಕೇಳಲೇಬೇಕು ಅಬ್ಬಾ. ನನಗೆ ಇಲ್ಲ ಎನ್ನಬೇಕಾಗಿದೆ.

ನಿಮ್ಮ
ಹುಸ್ನಾ